ಅವ್ವನ ಸರದಿಯ ಚಹಾ

ಒಣಶುಂಠಿ ಕುದಿಯುವ ವಾಸನೆ ಬಂದರೆ ಇವತ್ತಿಗೂ ನನಗೆ ಹಗರಿಬೊಮ್ಮನಹಳ್ಳಿಯ ಆ ಸಣ್ಣ ಚರ್ಚಿನ ಜಗಲಿ ನೆನಪಾಗುತ್ತದೆ.

ಅವ್ವ ಬೀದಿ ಗುಡಿಸುವ ಕೆಲಸದಲ್ಲಿದ್ದಳು. ನಾವು ಆ ಚರ್ಚಿನ ಸಭೆಗೆ ಸೇರಿದ ದಿನ ಹಿರಿಯಕ್ಕನೊಬ್ಬಳು ಅವಳ ಕೊರಳಿಗೆ ಹಾರ ಹಾಕಿ, "ಇನ್ನ ನೀನು ನಮ್ಮನಿ ಹೆಣ್ಮಗಳು, ತಂಗಿ" ಎಂದಿದ್ದಳು. ಅಲ್ಲಿ ಪ್ರತಿ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರ ಮನೆಯಿಂದ ಚಹಾ ಬರುತ್ತಿತ್ತು. ಚಹಾ ತಂದ ಮನೆಯವರು ಇನ್ನು ಹೊಸಬರಲ್ಲ ಎಂದೇ ಲೆಕ್ಕ. ನಮ್ಮ ಸರದಿ ಬಂದಾಗ ಅವ್ವ ಹೊಸ ಸ್ಟೀಲ್ ಕ್ಯಾನು, ಬಿಸ್ಕೀಟ್ ಪಾಕೀಟು ಕೊಂಡು ತಂದಳು. ಅವತ್ತು ಬೆಳಿಗ್ಗೆ ಸೋಪು ಹಚ್ಚಿ ಕೈಗಳನ್ನು ಮತ್ತೆ ಮತ್ತೆ ತೊಳೆದುಕೊಂಡು ಶುಂಠಿ ಕುಟ್ಟಿದಳು.

ಜಗಲಿಯಲ್ಲಿ ಅವಳು ಲೋಟ ಚಾಚಿದಾಗ ಆ ಅಕ್ಕ, "ನನಗ ಪಿತ್ತ ಆಗೇತಿ ತಂಗಿ" ಎಂದಳು. ಪಕ್ಕದವಳಿಗೆ ಉಪವಾಸವಿತ್ತು. ಹಿರಿಯರೊಬ್ಬರು ನಗುತ್ತಾ, "ಬಿಸ್ಕೀಟ್ ಕೊಡವ್ವ. ಪಾಕೀಟ್ ನೀ ಒಡಿಬ್ಯಾಡ, ಹಂಗ ಕೊಡು" ಎಂದರು. ಅವ್ವ ಹಾಗೆಯೇ ಕೊಟ್ಟಳು. ಪಾಸ್ಟರ್ ಮಾತ್ರ ಎರಡು ಲೋಟ ಕುಡಿದರು, ತಲೆ ಎತ್ತಲಿಲ್ಲ.

ಮನೆಗೆ ಬಂದು ಅವ್ವ ಉಳಿದ ಚಹಾ ಕಾಯಿಸಿ ನನಗೆ ಕೊಟ್ಟಳು. "ಸಕ್ಕರಿ ಹೆಚ್ಚಾಗೇತೇನು, ಖರೇ ಹೇಳು" ಎಂದಳು.

"ಸರಿ ಐತವ್ವ" ಎಂದೆ.

ಅವಳೂ ಒಂದು ಗುಟುಕು ಕುಡಿದು ನೋಡಿ, ಲೋಟ ಕೆಳಗಿಟ್ಟಳು.

ಪ್ರತಿ ವಾರ ನಮ್ಮನ್ನು ಪ್ರಾರ್ಥನೆಗೆ ಕರೆಯಲು ಯಾರಾದರೂ ಬರುತ್ತಿದ್ದರು; ಮುಂದಿನ ಭಾನುವಾರ ಯಾರೂ ಬರಲಿಲ್ಲ. ಚರ್ಚಿನ ಹಾಡು ಮಾತ್ರ ನಮ್ಮ ಓಣಿಯವರೆಗೂ ಕೇಳಿಸಿತು. ಅವ್ವ ಹೊಸಿಲ ಬಳಿ ಕೂತು ಅಕ್ಕಿ ಆರಿಸುತ್ತಿದ್ದಳು. ದನಿ ಹೊರಡಿಸದೆ ಅವಳ ತುಟಿಗಳು ಹಾಡಿನ ಜೊತೆ ಆಡುತ್ತಿದ್ದವು.