ಸೇತುವೆಯ ಪಾಳಿ

ಏಳು ಊರುಗಳ ಒಕ್ಕೂಟದಲ್ಲಿ ಉಳಿಯಬೇಕೋ ಬಿಡಬೇಕೋ ಎಂದು ವರ್ಷವಿಡೀ ಕಚ್ಚಾಡಿ ನಮ್ಮೂರು ಹೊರಬಂತು. ಹೊಳೆಯ ಸೇತುವೆಗೆ ಗೇಟು ಬಂತು. ಬಿಡಬೇಕೆಂದು ಮತ ಹಾಕಿದವರೇ ಅಲ್ಲಿ ಸರದಿಯಂತೆ ನಿಂತು, ಬರುವವರ ಸಾಮಾನು ತಪಾಸಣೆ ಮಾಡಬೇಕೆಂಬುದು ಕಾನೂನು. ಇಂದು ನನ್ನ ಪಾಳಿ.

ಆಚೆ ದಡದ ಊರಿಗೆ ಕೊಟ್ಟ ನಮ್ಮಕ್ಕ ನೀಲವ್ವ ಬುಟ್ಟಿ ಹೊತ್ತು ಬಂದಳು. ಉಳಿಯೋಣವೆಂದೇ ಮತ ಹಾಕಿದೆನೆಂದು ಅವಳ ತಲೆ ಮುಟ್ಟಿ ಆಣೆ ಮಾಡಿದ್ದೆ. ಗೇಟಿನಲ್ಲಿ ನನ್ನನ್ನು ಕಂಡು ನಿಂತುಬಿಟ್ಟಳು.

"ಹಂಗ ಹೋಗಬೇ ಅಕ್ಕಾ, ನಿನ್ನ ಬುಟ್ಟಿ ಏನ್ ನೋಡೂದು," ಎಂದೆ, ನೆಲ ನೋಡುತ್ತಾ.

ಅವಳು ಹೋಗಲಿಲ್ಲ. ಬುಟ್ಟಿ ಇಳಿಸಿ, ಶೇಂಗಾ ಹೋಳಿಗೆಗಳನ್ನು ನನ್ನ ಮೇಜಿನ ಮೇಲೆ ಒಂದೊಂದಾಗಿ ಹರಡಿದಳು.

"ತಪಾಸ್ ಮಾಡ್ರಿ, ಸಾಹೇಬ್ರ," ಎಂದಳು. "ನನ್ನ ತಮ್ಮಗ ಒಯ್ಯಾಕತ್ತೀನ್ರಿ."