ದಾರದ ಗಂಟು

“ಅಯ್ಯ ರತ್ನಾಬಾಯಿ, ಖಾರದ ಮೆಣಸಿನಕಾಯಿ ಅಗಿ ಅಂತ ಕೊಟ್ರಿ, ನಮ್ಮ ಕುಂಡದಾಗ ಡೊಣ್ಣಮೆಣಸಿನಕಾಯಿ ಬಿಟ್ಟಾವ್ರಿ!” ಕಮತಗಿ ಸಂತೆಯಲ್ಲಿ ಪದ್ಮಜಾ ಟೀಚರು ಫೋನಿನಲ್ಲಿ ಫೋಟೊ ತೋರಿಸಿ ನಕ್ಕರು. “ಇರ್ಲಿ ಬಿಡ್ರಿ, ಎರಡ ಗಿಡ. ಪಲ್ಯಾ ಮಾಡಿ ಉಂಡ್ವಿ.”

ಸಸಿ ಮಾರುವ ರತ್ನಾಬಾಯಿ ನಗಲು ಹೋಗಿ ನಿಲ್ಲಿಸಿದಳು. ಎಳೆಯದರಲ್ಲಿ ಎರಡೂ ಸಸಿ ಒಂದೇ ಥರ. ಗುರುತಿಗೆಂದು ಅವಳು ಗಂಡನ ಮಗ್ಗದ ದಾರ ಕಟ್ಟುತ್ತಿದ್ದಳು: ಖಾರದ ಟ್ರೇಗೆ ಕೆಂಪು, ಡೊಣ್ಣಮೆಣಸಿನದಕ್ಕೆ ಹಸಿರು. ಈಗ ನೋಡಿದರೆ ಬಿಸಿಲಿಗೆ ಎಲ್ಲ ದಾರವೂ ಬೂದಿ ಬಣ್ಣಕ್ಕೆ ತಿರುಗಿತ್ತು. ಇವತ್ತೂ ನೆನಪಿನ ಮೇಲೆಯೇ ಮಾರಿದ್ದಳು. ಈಗಷ್ಟೇ ಖಾಲಿಯಾದ ಟ್ರೇಯ ಗಂಟನ್ನು ಉಗುರಿನಿಂದ ಬಿಚ್ಚಿದಳು. ಬಿಸಿಲು ತಾಗದ ಒಳಗಡೆ ಬಣ್ಣ ಇನ್ನೂ ಹಾಗೇ ಇತ್ತು. ಹಸಿರು.

ಆ ಸಸಿಗಳನ್ನು ಒಯ್ದವನು ಶಿವಸಂಗಪ್ಪ. ಮನೆಯ ವರ್ಷದ ಖಾರಕ್ಕೆಂದು ತುಂಡು ಹೊಲ ಹದಮಾಡಿಟ್ಟಿದ್ದ. ಸಂಜೆಯೇ ಹಚ್ಚುತ್ತೇನೆ ಎಂದಿದ್ದ. ಅವನು ಹತ್ತಿದ್ದ ಹುನಗುಂದದ ಬಸ್ಸು ಆಗಲೇ ಹೊರಟಿತ್ತು.

“ಅಣ್ಣಾರ, ಇಳೀರಿ! ಹಚ್ಚಬ್ಯಾಡ್ರಿ ಅವನ್ನ!” ಬಿಚ್ಚಿದ ದಾರ ಬೀಸುತ್ತ ರತ್ನಾಬಾಯಿ ಓಡಿದಳು. ಹಾರ್ನಿನಲ್ಲಿ ಅವಳ ದನಿ ಮುಳುಗಿತು. ಕಿಟಕಿಯಿಂದ ತಲೆ ಹೊರಹಾಕಿದ ಶಿವಸಂಗಪ್ಪ, ತೊಡೆಯ ಮೇಲಿದ್ದ ಸಸಿಗಳನ್ನು ಎತ್ತಿ ತೋರಿಸಿ ನಕ್ಕ.

“ಅಗಿ ಮರ್ತಿಲ್ರಿ ಅಕ್ಕಾರ, ಇಲ್ಲೇ ಅದಾವು! ನಾಳೆ ಹತ್ತಕ್ಕ ನಿಮ್ಮ ಮನೀಗೇ ಬರ್ತೇನಿ. ಇಂಥಾವ ಇನ್ನೊಂದು ಟ್ರೇ ತಗದಿಡ್ರಿ!”