ಮಾತು ಮರೆತ ಅಂಬಿಗ

ಆ ನಾಟಕದಲ್ಲಿ ಒಂದು ನದಿ ಇತ್ತು...

ಉದ್ದನೆಯ ನೀಲಿ ಬಟ್ಟೆ. ಎರಡೂ ತುದಿ ಹಿಡಿದವರು ಮೆಲ್ಲಗೆ ಅಲುಗಿಸಿದರೆ ಸಾಕು, ಬೆಳಕು ಅಲೆಅಲೆಯಾಗಿ ಹರಿಯುತ್ತಿತ್ತು.

ಅಂಬಿಗನ ಪಾತ್ರ ಧಾರವಾಡದ ಹಳೆಯ ನಟ ಮುರಿಗೆಪ್ಪನದು. ದೋಣಿ ಹತ್ತುವ ಪ್ರಯಾಣಿಕ, ಒಂದು ರೋಬೋಟ್.

ಈಚೆಗೆ ಮುರಿಗೆಪ್ಪನಿಗೆ ಮಾತು ಮರೆಯುತ್ತಿತ್ತು. "ಈ ಸಲಾನೂ ತಪ್ಪಿದ್ರ ಬ್ಯಾರೆಯವರನ್ನ ಹಾಕ್ತೀನಿ ಕಾಕಾ" ಎಂದು ನಿರ್ದೇಶಕ ಹೇಳಿಬಿಟ್ಟಿದ್ದ.

"ಇದಕ್ಕರೆ ಚಾರ್ಜ್ ಹಾಕ್ತೀರಿ... ನನಗ ಎಲ್ಲಿ ಪಿನ್ ಚುಚ್ತೀರಿ?" ಎಂದು ರೋಬೋಟ್ ತೋರಿಸಿ ಮುರಿಗೆಪ್ಪ ನಗಿಸಿದ್ದ. ಒಳಗೆ ಮಾತ್ರ ಅಳುಕು.

ಮೊದಲ ರಿಹರ್ಸಲ್‌ನಲ್ಲಿ ನಿಂತುಬಿಟ್ಟದ್ದು ರೋಬೋಟ್. ತನ್ನ ಸರದಿ ಬಂದದ್ದು ಅದಕ್ಕೆ ತಿಳಿಯಲಿಲ್ಲ. ಎಲ್ಲರೂ ನಕ್ಕರು.

ಮುರಿಗೆಪ್ಪ ಮಾತ್ರ ಹುಟ್ಟು ಕೆಳಗಿಡದೆ ಕೇಳಿದ: "ಯಾಕ ತಮ್ಮಾ, ನೀರಿಗೆ ಅಂಜಿದ್ಯೇನು? ಆಚೀ ದಂಡ್ಯಾಗ ಯಾರು ಕಾಯಾಕತ್ತಾರ?"

"ನನ್ನ ತಾಯಿ ಕಾಯುತ್ತಿದ್ದಾಳೆ" ಎಂದಿತು ರೋಬೋಟ್. ನಾಟಕ ಸಾಗಿತು.

ಪ್ರದರ್ಶನದ ದಿನ...

ನಡುನೀರಿನಲ್ಲಿ ಮುರಿಗೆಪ್ಪನ ಮಾತು ಜಾರಿಹೋಯಿತು.

ಬಟ್ಟೆ ನಿಜವಾದ ನೀರಾಯಿತು. ಎದುರಿನ ಜನ ಮಂಜಾದರು. ದಡವೇ ಇಲ್ಲದ ಕಡೆ ತಾನೊಬ್ಬನೇ ತೇಲುತ್ತಿರುವಂತೆ...

ಆಗ ರೋಬೋಟ್ ನಿಧಾನವಾಗಿ ಅವನತ್ತ ತಿರುಗಿತು.

"ಯಾಕ ಅಜ್ಜಾ, ನೀರಿಗೆ ಅಂಜಿದ್ಯೇನು? ದಂಡಿ ಕಾಣದಿದ್ರ ಅಂಬಿಗ ಯಾವ ಸಪ್ಪಳ ಹಿಡದು ಹೋಗ್ತಾನ?"

ಮುರಿಗೆಪ್ಪ ಮತ್ತೆ ಹುಟ್ಟು ಹಾಕಿದ. "ಹಕ್ಕಿ ಕೂಗೋ ಕಡೆ ದಂಡಿ ಇರ್ತದ, ಮಗನ..."

ಮರೆತ ಮಾತು ಅದೇ. ನೋಡುವವರಿಗೆ ಏನೂ ಗೊತ್ತಾಗಲಿಲ್ಲ.

ಪರದೆ ಬಿದ್ದ ಮೇಲೆ ಅವನು ರೋಬೋಟ್ ತಯಾರಿಸಿದ ನಾಜನೀನಳನ್ನು ಕೇಳಿದ: "ಆ ಮಾತು ನೀ ಬರದಿದ್ಯೇನವ್ವಾ?"

"ಇಲ್ಲ ಕಾಕಾ. ಅದು ರಿಹರ್ಸಲ್ ನೋಡಿ ಕಲೀತದ. ಎದುರಿನವರು ತಡದು ನಿಂತ್ರ ಏನು ಮಾಡಬೇಕು ಅನ್ನೋದು ನಿಮ್ಮಿಂದ ಕಲಿತದ."

"ಉಳಿದವರು ನಕ್ಕಿದ್ದನ್ನೂ ನೋಡಿತ್ತಲ್ಲ?"

"ನೋಡಿತ್ತು. ಆದ್ರ ನಕ್ಕಾಗ ನಾಟಕ ಮುಂದ ಹೋಗ್ಲಿಲ್ಲ ಕಾಕಾ... ನೀವು ಕೇಳಿದಾಗ ಹೋತು."

ಮುರಿಗೆಪ್ಪ ರೋಬೋಟ್‌ನ ತಣ್ಣನೆಯ ಅಂಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ತುಂಬಿದ ಕಣ್ಣಿಗೆ, ಮಡಚಿಟ್ಟ ನೀಲಿ ಬಟ್ಟೆ ಮತ್ತೆ ಹರಿಯುವಂತೆ ಕಂಡಿತು...

*ತಡವರಿಸಿದವರನ್ನು ಕಂಡು ನಕ್ಕರೆ ದೋಣಿ ಅಲ್ಲೇ ನಿಲ್ಲುತ್ತದೆ; ಜೊತೆಯಾದರೆ ಇಬ್ಬರೂ ದಡ ಸೇರುತ್ತಾರೆ.*

ಇವತ್ತು ನಿಮ್ಮೆದುರು ಯಾರೋ ಮಾತು ಮರೆತು ನಿಂತಾಗ... ನಿಮ್ಮನ್ನು ನೋಡುತ್ತಿದ್ದವರು ಏನು ಕಲಿತರು?